ಗುಡಿಯ ಬಾಗಿಲು ಮೊದಲು, ಗುಡಿಯ ಹೊಲ ಆಮೇಲೆ

ಸಂಡೂರಿನ ಗುಡ್ಡಗಳ ನಡುವಿನ ಕುಮಾರಸ್ವಾಮಿ ದೇವಾಲಯದ ಬಾಗಿಲನ್ನು, ಅಸ್ಪೃಶ್ಯರೆಂದು ದೂರವಿಟ್ಟಿದ್ದ ಜಾತಿಗಳಿಗೆ ಅಲ್ಲಿನ ಅರಸ ಯಶವಂತರಾವ್ ಘೋರ್ಪಡೆ ಅವರು ತೆರೆದದ್ದು 1932ರಲ್ಲಿ. ದೇಶದೆಲ್ಲೆಡೆ ಹೆಸರಾದ ತಿರುವಾಂಕೂರಿನ ದೇವಾಲಯ ಪ್ರವೇಶ ಘೋಷಣೆ ಹೊರಬಿದ್ದದ್ದು ಅದಾಗಿ ನಾಲ್ಕು ವರ್ಷಕ್ಕೆ. ಅದೇ ಸಂಡೂರು ಸೀಮೆಯಲ್ಲಿ ದೇವರ ಹೆಸರಿನಲ್ಲೋ ಅರಮನೆಯ ಕೃಪೆಯಲ್ಲೋ ನಡೆದುಕೊಂಡು ಬಂದಿದ್ದ ಇನಾಂ ಹಿಡುವಳಿಗಳನ್ನು ರದ್ದುಪಡಿಸುವ ಕಾನೂನು ಬಂದದ್ದು 1976ರಲ್ಲಿ. ಗುಡಿಯೊಳಗೆ ಕಾಲಿಡುವ ಹಕ್ಕಿಗೂ ಗುಡಿಯ ಹೊಲವನ್ನು ಉತ್ತವನ ಹಕ್ಕಿಗೂ ನಡುವೆ ಬಿದ್ದ ಈ 44 ವರ್ಷಗಳಲ್ಲಿ ಒಂದು ಸಂಸ್ಥಾನ ಅಳಿಯಿತು, ಒಂದು ಗಣರಾಜ್ಯ ಹುಟ್ಟಿತು, ಒಂದು ಜಿಲ್ಲೆ ಒಡೆದು ಬೇರೆ ರಾಜ್ಯಕ್ಕೆ ಸೇರಿತು, ತುಂಗಭದ್ರೆಗೆ ಅಣೆಕಟ್ಟು ಎದ್ದಿತು, ಐದು ಲೋಕಸಭಾ ಚುನಾವಣೆಗಳು ನಡೆದುಹೋದವು. ಮಾನಮರ್ಯಾದೆಗೆ ಸಂಬಂಧಿಸಿದ ಸುಧಾರಣೆಯನ್ನು ಒಬ್ಬ ಉದಾರ ಅರಸ ಒಂದು ಅಪ್ಪಣೆಯಿಂದ ಮಾಡಿಬಿಡಬಲ್ಲ. ಸ್ವತ್ತಿಗೆ ಸಂಬಂಧಿಸಿದ ಸುಧಾರಣೆಯನ್ನು ಮತದಾರರ ಗಣರಾಜ್ಯ ಕೂಡ ಏದುಸಿರು ಬಿಡುತ್ತ ಮಾಡಬೇಕಾಗುತ್ತದೆ ಎಂಬುದಕ್ಕೆ ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರುಗಳ ಈ ಸೀಮೆಗಿಂತ ಸ್ಪಷ್ಟವಾದ ಉದಾಹರಣೆ ಕರ್ನಾಟಕದಲ್ಲಿ ಸಿಗುವುದು ಕಷ್ಟ.

ಇನಾಂ ಎಂದರೆ ಸರ್ಕಾರಕ್ಕೆ ಸಲ್ಲಬೇಕಾದ ಕಂದಾಯವನ್ನು ಪೂರ್ತಿಯಾಗಿಯೋ ಭಾಗಶಃವೋ ಬಿಟ್ಟುಕೊಟ್ಟು, ದೇವಸ್ಥಾನದ ಪೂಜೆಗೆ, ಮಠಕ್ಕೆ, ವಿದ್ವಾಂಸನಿಗೆ, ಸೈನಿಕನಿಗೆ, ಅರಮನೆಯ ಬಂಧುಬಳಗಕ್ಕೆ ಅಥವಾ ಊರಿನ ಊಳಿಗದವನಿಗೆ ಮಾಡಿಕೊಟ್ಟ ಭೂದಾನ. ದಾನವಾದದ್ದು ಕಂದಾಯವೇ ಅಥವಾ ನೆಲವೇ ಎಂಬ ಪ್ರಶ್ನೆಗೆ ಅರಸರ ಸನ್ನದುಗಳಲ್ಲಿ ಸ್ಪಷ್ಟ ಉತ್ತರ ಇರುತ್ತಿದ್ದದ್ದು ಅಪರೂಪ. ಸನ್ನದು ಪಡೆದವನು ಕಾಲಾಂತರದಲ್ಲಿ ನೆಲದ ಒಡೆಯನೇ ಆಗಿಬಿಡುತ್ತಿದ್ದ. ಸನ್ನದಿಗೆ ಮುಂಚಿನಿಂದಲೂ ಅದೇ ಹೊಲವನ್ನು ಉಳುತ್ತಿದ್ದ ಒಕ್ಕಲು, ಯಾವ ತಲೆಮಾರಿನಲ್ಲಿ ತಾನು ರೈತನಿಂದ ಗೇಣಿದಾರನಾದೆ, ಯಾವ ತಲೆಮಾರಿನಲ್ಲಿ ಗೇಣಿದಾರನಿಂದ ಆಳಾದೆ ಎಂಬುದನ್ನು ಹೇಳಲಾರದ ಸ್ಥಿತಿಗೆ ಇಳಿಯುತ್ತಿದ್ದ. ಇನ್ನೂರು ಚದರ ಮೈಲಿಯೂ ಇಲ್ಲದ ಪುಟ್ಟ ಸಂಡೂರು ಸಂಸ್ಥಾನದಲ್ಲಿ ಇಂಥ ಹಿಡುವಳಿಗಳು ಕೆಲವೇ ಎಕರೆಯ ವಿಚಾರವಾಗಿರಲಿಲ್ಲ, ಊರಿಗೆ ಊರೇ ಇನಾಂ ಆಗಿರುತ್ತಿತ್ತು.

ಪಕ್ಕದ ಹೊಸಪೇಟೆ, ಕಂಪ್ಲಿಗಳ ಕಥೆ ಬೇರೆ. ನಿಜಾಮನು 1800ರಲ್ಲಿ ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟ ದತ್ತಮಂಡಲದ ಭಾಗವಾಗಿದ್ದ ಈ ಊರುಗಳಲ್ಲಿ ಕಲೆಕ್ಟರ್ ಥಾಮಸ್ ಮನ್ರೋ ರೈತವಾರಿ ಪದ್ಧತಿಯನ್ನು ನೆಲೆಗೊಳಿಸಿದ್ದ. ಅಂದರೆ ನಡುವೆ ಜಮೀನ್ದಾರನಿಲ್ಲದೆ ಸರ್ಕಾರ ನೇರವಾಗಿ ರೈತನ ಹೆಸರಿಗೆ ಪಟ್ಟಾ ಕೊಟ್ಟು ಅವನಿಂದಲೇ ಕಂದಾಯ ವಸೂಲು ಮಾಡುವ ವ್ಯವಸ್ಥೆ. ಕಾಗದದ ಮೇಲೆ ಇದು ಉಳುವವನ ಪರವಾದ ಏರ್ಪಾಡು. ಆದರೆ ಪಟ್ಟೇದಾರನೇ ಉಳುತ್ತಾನೆಂಬ ಖಾತರಿ ಎಲ್ಲಿಯೂ ಇರಲಿಲ್ಲ. ಹೊಲವನ್ನು ಕೋರಿಗೋ (ಬೆಳೆಯ ಪಾಲಿಗೆ) ಗುತ್ತಿಗೆಗೋ ಹಾಕಿಸಿಕೊಂಡು ಮಾಡುವವನ ಹೆಸರು ಕರಣಂ ಬರೆಯುವ ಅಡಂಗಲ್‌ನಲ್ಲಿ, ಅಂದರೆ ಯಾವ ಸರ್ವೆ ನಂಬರಿನಲ್ಲಿ ಯಾರು ಯಾವ ಬೆಳೆ ಇಟ್ಟಿದ್ದಾರೆಂದು ವರ್ಷವರ್ಷವೂ ನಮೂದಿಸುವ ಊರಿನ ಲೆಕ್ಕದಲ್ಲಿ, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕರಣಿಕೆ ವಂಶಪಾರಂಪರ್ಯವಾದದ್ದು, ಕರಣಂ ಸಾಮಾನ್ಯವಾಗಿ ಪಟ್ಟೇದಾರರ ನಡುವೆಯೇ ಕುಳಿತು ಲೆಕ್ಕ ಬರೆಯುವವನು. ಗಣರಾಜ್ಯದ ಸುಧಾರಣೆಗಳೆಲ್ಲ ಕೊನೆಗೆ ಬಂದು ಮುಟ್ಟಬೇಕಾಗಿದ್ದದ್ದು ಈ ಒಂದು ಪುಸ್ತಕದ ಒಂದು ಕಾಲಮ್ಮನ್ನು.

ಸಂಡೂರು ಭಾರತದ ಒಕ್ಕೂಟದಲ್ಲಿ ಕರಗಿ ಮದ್ರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದು 1949ರ ಏಪ್ರಿಲ್ 1ರಂದು, ಸಂವಿಧಾನ ಜಾರಿಯಾಗುವುದಕ್ಕೆ ಹತ್ತು ತಿಂಗಳು ಮೊದಲು. ಅರಸೊತ್ತಿಗೆ ಹೋದರೂ ಅರಸುಕಾಲದ ಹಿಡುವಳಿಗಳು ಹೋಗಲಿಲ್ಲ. ನಾಲ್ಕೂವರೆ ವರ್ಷದ ನಂತರ, 1953ರ ಅಕ್ಟೋಬರ್ 1ರಂದು, ಆಂಧ್ರ ರಾಜ್ಯ ಹುಟ್ಟಿದ ದಿನವೇ ಬಳ್ಳಾರಿ ಜಿಲ್ಲೆ ಎರಡಾಯಿತು: ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು, ಹೊಸಪೇಟೆ, ಸಂಡೂರುಗಳೂ ಸೇರಿದಂತೆ ಉಳಿದವು ಮೈಸೂರಿಗೆ ಬಂದವು. ಈ ವಿಂಗಡಣೆಯನ್ನು ಕನ್ನಡಿಗರು ಭಾಷೆಯ ಗೆಲುವೆಂದು ನೆನೆಯುವುದು ಸಹಜವೇ. ಬಳ್ಳಾರಿಗಾಗಿ ಪೈಲ್ವಾನ್ ರಂಜಾನ್ ಸಾಬರು ಪ್ರಾಣವನ್ನೇ ತೆತ್ತಿದ್ದರು. ಆದರೆ ಇನಾಂ ಹೊಲದ ಒಕ್ಕಲಿನ ಮಟ್ಟಿಗೆ ಆ ಗಡಿಗೆ ಇನ್ನೊಂದು ಅರ್ಥವಿತ್ತು, ಅದನ್ನು ಗಮನಿಸಿದವರು ಕಡಿಮೆ. ಗಡಿಯಾಚೆಯ ತಾಲ್ಲೂಕುಗಳಿಗೆ ಆಂಧ್ರದ ಇನಾಂ ರದ್ದತಿ ಕಾಯ್ದೆ 1956ರಲ್ಲೇ ಬಂತು. ಗಡಿಯೀಚೆ ಮೈಸೂರು ಸರ್ಕಾರ 1954 ಮತ್ತು 1955ರಲ್ಲಿ ಮಾಡಿದ್ದ ಇನಾಂ ರದ್ದತಿ ಕಾಯ್ದೆಗಳು ಹಳೆಯ ಮೈಸೂರು ಪ್ರದೇಶಕ್ಕಷ್ಟೇ ಅನ್ವಯಿಸುತ್ತಿದ್ದವು. ಹೊಸದಾಗಿ ಬಂದ ಬಳ್ಳಾರಿ ಜಿಲ್ಲೆಯನ್ನು ಅವು ಮುಟ್ಟಲಿಲ್ಲ. ಮದ್ರಾಸಿನ ಮುಂದಿನ ಸುಧಾರಣೆಗಳು ಕೈಬಿಟ್ಟವು, ಮೈಸೂರಿನವು ಕೈಗೆ ಬರಲಿಲ್ಲ. ತಾಯ್ನುಡಿಯ ರಾಜ್ಯಕ್ಕೆ ಬಂದವರು ಕಾನೂನಿನ ಎರಡು ಮನೆಗಳ ನಡುವಿನ ಬಯಲಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ನಿಂತರು.

ಹೊಸ ಗಣರಾಜ್ಯದ ಕೈಗಳೂ ಪೂರ್ತಿ ಬಿಚ್ಚಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಸಂವಿಧಾನ ಒಂದು ಕಡೆ ಅಸ್ಪೃಶ್ಯತೆಯನ್ನು 17ನೇ ವಿಧಿಯ ಮೂಲಕ ಷರತ್ತಿಲ್ಲದೆ ರದ್ದುಪಡಿಸಿತ್ತು, ಇನ್ನೊಂದು ಕಡೆ ಆಸ್ತಿಯನ್ನು ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿಟ್ಟು ಕಾಪಾಡಿತ್ತು. ಜಮೀನ್ದಾರಿ ರದ್ದುಮಾಡಿದ ಬಿಹಾರದ ಕಾನೂನನ್ನು ಪಟ್ನಾ ಹೈಕೋರ್ಟು ಹೊಡೆದುಹಾಕಿದಾಗ, ಸಂಸತ್ತು 1951ರಲ್ಲಿ ಮೊದಲ ತಿದ್ದುಪಡಿ ತಂದು ಒಂಬತ್ತನೇ ಅನುಸೂಚಿಯನ್ನು ಸೃಷ್ಟಿಸಿತು. ಅದರೊಳಗೆ ಸೇರಿಸಿದ ಭೂಸುಧಾರಣಾ ಕಾನೂನುಗಳನ್ನು ಮೂಲಭೂತ ಹಕ್ಕುಗಳ ಹೆಸರಿನಲ್ಲಿ ಪ್ರಶ್ನಿಸುವಂತಿಲ್ಲ ಎಂಬುದು ಅದರ ಉದ್ದೇಶ. ಭೂಮಿ ರಾಜ್ಯಗಳ ಪಟ್ಟಿಗೆ ಸೇರಿದ ವಿಷಯವಾದ್ದರಿಂದ, ಎಷ್ಟು ಸುಧಾರಣೆ, ಯಾವಾಗ, ಯಾರಿಗೆ ಎಂಬುದು ಆಯಾ ರಾಜ್ಯದ ವಿಧಾನಸಭೆಯಲ್ಲಿ ಭೂಮಿಯುಳ್ಳವರ ಸಂಖ್ಯಾಬಲವನ್ನು ಅವಲಂಬಿಸಿತು. ಮೈಸೂರು ರಾಜ್ಯಕ್ಕೆಲ್ಲ ಅನ್ವಯಿಸುವ ಭೂಸುಧಾರಣಾ ಕಾಯ್ದೆ 1961ರಲ್ಲಿ ಅಂಗೀಕಾರವಾದರೂ ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಗಾಂಧಿ ಜಯಂತಿಯ ಮುಹೂರ್ತ ಚೆನ್ನಾಗಿಯೇ ಇತ್ತು. ನಡುವೆ ಕಳೆದ ನಾಲ್ಕು ವರ್ಷಗಳು ಮಾತ್ರ, ಗೇಣಿದಾರರನ್ನು ಬಿಡಿಸಿ ‘ಸ್ವಂತ ಸಾಗುವಳಿ’ ಎಂದು ಬರೆಸಿಕೊಳ್ಳುವವರಿಗೆ ಧಾರಾಳವಾಗಿ ಸಾಕಾಗಿದ್ದವು.

ಈ ಸೀಮೆಯಲ್ಲಿ ಗಣರಾಜ್ಯ ಎಂದರೆ ಮೊದಲು ಕಣ್ಣಿಗೆ ಬಿದ್ದದ್ದು ನೀರು. ಮಲ್ಲಾಪುರದ ಬಳಿ ತುಂಗಭದ್ರಾ ಅಣೆಕಟ್ಟಿಗೆ 1945ರ ಫೆಬ್ರವರಿ 28ರಂದು ಒಂದು ದಂಡೆಯಲ್ಲಿ ಹೈದರಾಬಾದಿನವರೂ ಇನ್ನೊಂದರಲ್ಲಿ ಮದ್ರಾಸಿನವರೂ ಶಂಕುಸ್ಥಾಪನೆ ಮಾಡಿದ್ದರು. ಸಿಮೆಂಟಿನ ಬದಲು ಸುರ್ಕಿ ಗಾರೆ ಬಳಸಿ ಕಟ್ಟಿದ ಈ ಕಲ್ಲಿನ ಅಣೆಕಟ್ಟಿನಿಂದ ಕಾಲುವೆಗೆ ನೀರು ಹರಿದದ್ದು 1953ರಲ್ಲಿ, ಆ ಹೊತ್ತಿಗೆ ಶಂಕುಸ್ಥಾಪನೆ ಮಾಡಿದ ಎರಡೂ ಆಡಳಿತಗಳ ಸ್ವರೂಪವೇ ಬದಲಾಗಿತ್ತು. ಆಂಧ್ರ ರಾಜ್ಯವನ್ನು ರಚಿಸಿದ ಕಾಯ್ದೆಯ ಅಡಿಯಲ್ಲಿಯೇ ತುಂಗಭದ್ರಾ ಮಂಡಳಿ ಹುಟ್ಟಿತು. ರಾಜ್ಯಗಳು ಒಡೆದರೂ ಗೇಟು ಒಂದೇ ಎಂಬ ವಾಸ್ತವಕ್ಕೆ ಗಣರಾಜ್ಯ ಕಂಡುಕೊಂಡ ಉತ್ತರ ಅದು. ಹಿನ್ನೀರಿನಲ್ಲಿ ಸುಮಾರು 90 ಹಳ್ಳಿಗಳು ಮುಳುಗಿದವು. ನಾರಾಯಣದೇವರಕೆರೆಯ ಜನ ತಮ್ಮ ದೇವರುಗಳನ್ನೂ ಹೊತ್ತುಕೊಂಡು ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಪರಿಹಾರ ಸಿಗುವುದು ಲೆಕ್ಕದಲ್ಲಿ ಹೆಸರಿದ್ದವನಿಗೆ. ಮುಳುಗಿದ ಹೊಲದಲ್ಲಿ ಕೋರಿಗೆ ಮಾಡುತ್ತಿದ್ದವನಿಗೂ ಕೂಲಿ ಮಾಡುತ್ತಿದ್ದವನಿಗೂ ಮುಳುಗಿದ್ದು ಅನ್ನವಾದರೂ ಕಾಗದದ ಪ್ರಕಾರ ಅವರದೇನೂ ಮುಳುಗಿರಲಿಲ್ಲ.

ನೀರು ಬಂದ ಮೇಲಿನ ಜಗಳ ಇನ್ನೂ ಸೂಕ್ಷ್ಮವಾದದ್ದು. ಹಂಪಿಯ ಹಾಳು ಮಂಟಪಗಳ ನಡುವೆ ಇಂದಿಗೂ ಹರಿಯುವ ತುರ್ತು ಕಾಲುವೆ, ಹೊಸಪೇಟೆಯ ಬಸವಣ್ಣ ಕಾಲುವೆ ಮತ್ತು ರಾಯ ಕಾಲುವೆ, ಕಂಪ್ಲಿ ಕಾಲುವೆ ಇವೆಲ್ಲ ವಿಜಯನಗರ ಕಾಲದವು. ಇವುಗಳ ಕೆಳಗಿನ ಬಾಳೆ, ಕಬ್ಬು, ಭತ್ತದ ಗದ್ದೆಗಳಿಗೆ ವರ್ಷದ ಬಹುಭಾಗ ನೀರು ಹರಿಯುವುದು ಅನೂಚಾನವಾಗಿ ಬಂದ ಹಕ್ಕು. ಹೊಸ ಯೋಜನೆಯ ಕಲ್ಪನೆ ಇದಕ್ಕೆ ತೀರ ವಿರುದ್ಧವಾಗಿತ್ತು. ಬರಪೀಡಿತ ಬಯಲಿಗೆ ಆದಷ್ಟು ದೂರದವರೆಗೆ ತೆಳುವಾಗಿ ನೀರು ಹಂಚಿ, ಜೋಳ, ಹತ್ತಿ, ಶೇಂಗಾದಂಥ ಮಿತ ನೀರಿನ ಬೆಳೆಗಳನ್ನು ಉಳಿಸಿಕೊಡುವುದು ಅದರ ಗುರಿ. ಯಾವ ಸರ್ವೆ ನಂಬರಿಗೆ ಯಾವ ಬೆಳೆಯ ನೀರು ಎಂಬುದನ್ನು ಮೊದಲೇ ಗೊತ್ತುಮಾಡಿಡುವ ಕ್ರಮವೂ ಇತ್ತು. ಕೆಲವರಿಗೆ ಹೆಚ್ಚು ಕೊಡುವ ಬದಲು ಎಲ್ಲರಿಗೂ ಸ್ವಲ್ಪ ಕೊಡುವ ಈ ಸಮತೆ ನಕ್ಷೆಯ ಮೇಲೆ ಸೊಗಸಾಗಿತ್ತು. ಕಾಲುವೆಯ ಮೇಲ್ಭಾಗದವರು ಭತ್ತ, ಕಬ್ಬು ಹಾಕಿದರು, ಕೊನೆಯ ಭಾಗದವರಿಗೆ ತೂಬಿನ ಬಾಯಿ ಒಣಗಿತು. ಮಳೆಯಾಶ್ರಿತ ಬೇಸಾಯವನ್ನಷ್ಟೇ ಬಲ್ಲ, ಗದ್ದೆ ಮಟ್ಟಮಾಡಲು ಬಂಡವಾಳವಿಲ್ಲದ ಅನೇಕ ಸ್ಥಳೀಯ ರೈತರು ಆಂಧ್ರದ ಕರಾವಳಿಯಿಂದ ಬಂದವರಿಗೆ ಹೊಲ ಮಾರಿದರು. ಕಂಪ್ಲಿ, ಸಿರುಗುಪ್ಪ, ಗಂಗಾವತಿ ಸುತ್ತಿನಲ್ಲಿ ‘ಕ್ಯಾಂಪು’ ಎಂಬ ಬಾಲವಿರುವ ಊರುಗಳು ಹುಟ್ಟಿದ್ದು ಹೀಗೆ. ವಲಸೆ ಬಂದವರ ದುಡಿಮೆಯನ್ನು ಅಲ್ಲಗಳೆಯುವಂತಿಲ್ಲ. ಆದರೂ ಜಮೀನಿನ ಬೆಲೆ ನೀರಿನಿಂದ ಏರುವ ಹೊತ್ತಿಗೇ ಜಮೀನನ್ನು ಕಳೆದುಕೊಂಡವನು ತನ್ನದೇ ಹಳೆಯ ಹೊಲದ ಪಕ್ಕದ ಗದ್ದೆಯಲ್ಲಿ ನಾಟಿಗೆ ಹೋಗಬೇಕಾದದ್ದೂ ಅದೇ ಸುಧಾರಣೆಯ ಫಲ.

ಇಷ್ಟೆಲ್ಲ ಆಗುವಾಗ ಸದ್ದಿಲ್ಲದೆ ನಡೆದ ಒಂದು ಬದಲಾವಣೆಗೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ. ವಂಶಪಾರಂಪರ್ಯವಾದ ಗ್ರಾಮ ಹುದ್ದೆಗಳನ್ನು ರದ್ದುಪಡಿಸುವ 1961ರ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು ಕರಣಂ, ಶಾನುಭೋಗ, ಪಟೇಲರ ಹುದ್ದೆಗಳು ಹೋದವು. ಸಂಬಳದ ಗ್ರಾಮ ಲೆಕ್ಕಿಗ ಬಂದ. ತಳವಾರ, ತೋಟಿ ಮೊದಲಾದ ಕೆಳಗಿನ ಊಳಿಗದವರ ಇನಾಂ ಹೊಲಗಳನ್ನು ಊಳಿಗದ ಹಂಗಿಲ್ಲದೆ ಅವರಿಗೇ ಮರುಮಂಜೂರು ಮಾಡುವ ಅವಕಾಶವೂ ಆ ಕಾಯ್ದೆಯಲ್ಲಿತ್ತು. 1964ರ ಭೂಕಂದಾಯ ಕಾಯ್ದೆ ರಾಜ್ಯಕ್ಕೆಲ್ಲ ಒಂದೇ ಮಾದರಿಯ ಪಹಣಿಯನ್ನು ತಂದಿತು. ಪುಸ್ತಕ ಕೈಬದಲಾಯಿತು, ಬರೆಯುವ ರೂಢಿ ಅಷ್ಟು ಬೇಗ ಬದಲಾಗಲಿಲ್ಲ. ಹಳೆಯ ಕರಣಂ ಮನೆಯ ಜಗಲಿಯ ಮೇಲೆಯೇ ಹೊಸ ಲೆಕ್ಕಿಗ ಕೂರುವುದು ಎಷ್ಟೋ ಊರುಗಳಲ್ಲಿ ಕೆಲಕಾಲ ಮುಂದುವರಿಯಿತು.

1973ರಲ್ಲಿ ಈ ಎಲ್ಲ ಎಳೆಗಳೂ ಒಂದೆಡೆ ಕೂಡಿದವು. ಆ ವರ್ಷದ ಏಪ್ರಿಲ್ 24ರಂದು ಸುಪ್ರೀಂ ಕೋರ್ಟು ಕೇಶವಾನಂದ ಭಾರತಿ ಪ್ರಕರಣದ ತೀರ್ಪು ಕೊಟ್ಟಿತು. ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಬದಲಿಸುವಂತಿಲ್ಲ ಎಂಬ ತತ್ತ್ವಕ್ಕಾಗಿ ಹೆಸರಾದ ಈ ಪ್ರಕರಣದ ಬೇರು ಕಾಸರಗೋಡಿನ ಎಡನೀರು ಮಠದ ಭೂಮಿಯಲ್ಲಿತ್ತು. ಕೇರಳದ ಭೂಸುಧಾರಣೆ ಮಠದ ಜಮೀನಿಗೆ ಕೈಹಾಕಿದ್ದರಿಂದ ಸ್ವಾಮಿಗಳು ನ್ಯಾಯಾಲಯದ ಮೆಟ್ಟಿಲೇರಿದ್ದರು. ಒಬ್ಬ ಕನ್ನಡಿಗ ಮಠಾಧೀಶರ ಆಸ್ತಿಯ ಮೊಕದ್ದಮೆ ದಿಲ್ಲಿಯಲ್ಲಿ ಮುಗಿದ ವರ್ಷವೇ, ದೇವರ ಹೆಸರಿನ ಇನ್ನೊಂದು ಆಸ್ತಿಯ ಪ್ರಶ್ನೆ ಸಂಡೂರಿನ ಬೀದಿಗೆ ಬಂತು. ಸಮಾಜವಾದಿಗಳ ಮುಂದಾಳತನದಲ್ಲಿ ಇನಾಂ ಭೂಮಿಯ ಒಕ್ಕಲುಗಳು ಉಳುವ ಹಕ್ಕಿಗಾಗಿ ಸತ್ಯಾಗ್ರಹಕ್ಕಿಳಿದರು. ಕುಮಾರಸ್ವಾಮಿ ದೇವಸ್ಥಾನದ ಹೆಸರಿನ ಹೊಲಗಳೇ ಹೋರಾಟದ ಕೇಂದ್ರ. ಕರ್ನಾಟಕದಲ್ಲಿ ಭೂಮಿಯ ಮಾತು ಬಂದಾಗಲೆಲ್ಲ ಸಾಗರ ತಾಲ್ಲೂಕಿನ 1951ರ ಕಾಗೋಡು ಸತ್ಯಾಗ್ರಹ ನೆನಪಾಗುತ್ತದೆ, ಸಮಾಜವಾದಿ ನಾಯಕ ಲೋಹಿಯಾ ಅವರು ಅಲ್ಲಿಗೆ ಬಂದು ಬಂಧನಕ್ಕೊಳಗಾದದ್ದು ನೆನಪಾಗುತ್ತದೆ. ಸಂಡೂರಿನ ಹೋರಾಟ ಅದೇ ಪರಂಪರೆಯದಾದರೂ ಅದಕ್ಕೆ ಸಿಕ್ಕ ಜಾಗ ಕಿರಿದು.

ಕಾಗೋಡಿನಲ್ಲಿ ಇಲ್ಲದ ಒಂದು ಸಂಗತಿ ಸಂಡೂರಿನಲ್ಲಿತ್ತು. ಸಂಡೂರನ್ನು ಪ್ರತಿನಿಧಿಸುತ್ತಿದ್ದ, ಅರಮನೆಯ ಮಗನೂ ಆಗಿದ್ದ ಎಂ. ವೈ. ಘೋರ್ಪಡೆ ಅವರು ಆಗ ಮುಖ್ಯಮಂತ್ರಿ ದೇವರಾಜ ಅರಸು ಸಂಪುಟದ ಹಣಕಾಸು ಸಚಿವರು. ಉಳುವವನೇ ಒಡೆಯ ಎಂಬ ಘೋಷಣೆಯನ್ನು ಕಾನೂನಾಗಿಸಲು ಹೊರಟಿದ್ದ ಸರ್ಕಾರದ ಖಜಾನೆಯ ಕೀಲಿ, ಯಾವ ಮನೆತನದ ಕಾಲದ ಹಿಡುವಳಿಗಳ ವಿರುದ್ಧ ಸತ್ಯಾಗ್ರಹ ನಡೆದಿತ್ತೋ ಅದೇ ಮನೆತನದವರ ಕೈಯಲ್ಲಿತ್ತು. ಇದನ್ನು ಕೇವಲ ಆಷಾಢಭೂತಿತನವೆಂದು ತಳ್ಳಿಹಾಕುವುದು ಸುಲಭ, ಆದರೆ ಅದು ಸರಿಯಾದ ಓದಲ್ಲ. ಕೇಂಬ್ರಿಜ್‌ನಲ್ಲಿ ಅರ್ಥಶಾಸ್ತ್ರ ಓದಿ ಬಂದು, ಮತ ಕೇಳಿ ಗೆದ್ದು, ಮುಂದೆ ಗ್ರಾಮೀಣಾಭಿವೃದ್ಧಿ ಸಚಿವರಾಗಿ 1993ರ ಪಂಚಾಯತ್ ರಾಜ್ ಕಾಯ್ದೆಗೆ ಕಾರಣರಾದ ಘೋರ್ಪಡೆಯವರು ಸುಧಾರಣೆಯ ವಿರೋಧಿಯಾಗಿರಲಿಲ್ಲ. ಗುಡಿಯ ಬಾಗಿಲು ತೆರೆದ ಅವರ ತಂದೆ ಯಶವಂತರಾವ್ ಅವರೂ ಆಗಿರಲಿಲ್ಲ, ಅವರ ಸಂಡೂರಿಗೆ 1934ರಲ್ಲಿ ಗಾಂಧೀಜಿಯೇ ಬಂದುಹೋಗಿದ್ದರು. ಮೇಲಿನವರು ಕೊಡುವ ಸುಧಾರಣೆಗೂ ಕೆಳಗಿನವರು ಕೇಳುವ ಸುಧಾರಣೆಗೂ ಗುರಿ ಒಂದೇ ಆದಾಗಲೂ ಜಗಳ ತಪ್ಪುವುದಿಲ್ಲ ಎಂಬುದನ್ನು ಸಂಡೂರು ತೋರಿಸಿತು. ಏಕೆಂದರೆ ಕೊಡುವವನು ಎಷ್ಟು ಕೊಡಬೇಕೆಂಬುದನ್ನು ತಾನೇ ನಿರ್ಧರಿಸಲು ಬಯಸುತ್ತಾನೆ. ಫ್ರಾನ್ಸಿನ ಕ್ರಾಂತಿಯಲ್ಲೂ ಇದೇ ಆಗಿತ್ತು. 1789ರ ಆಗಸ್ಟಿನ ಒಂದೇ ರಾತ್ರಿ ಶ್ರೀಮಂತರು ತಮ್ಮ ಊಳಿಗಮಾನ್ಯ ಹಕ್ಕುಗಳನ್ನು ಉದಾರವಾಗಿ ಬಿಟ್ಟುಕೊಟ್ಟರೂ, ಬಹುಪಾಲು ಹಕ್ಕುಗಳಿಂದ ರೈತರು ಹಣ ಕೊಟ್ಟು ಬಿಡುಗಡೆ ಪಡೆಯಬೇಕೆಂಬ ಷರತ್ತು ಉಳಿದಿತ್ತು. ರೈತರು ಕೊಡಲೊಪ್ಪದೆ ಸೆಣಸಿದ್ದರಿಂದ 1793ರಲ್ಲಿ ಆ ಷರತ್ತೂ ಹೋಯಿತು.

ಅರಸು ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಆ ದಿನದಿಂದ ಗೇಣಿಯಲ್ಲಿರುವ ಜಮೀನೆಲ್ಲ ಸರ್ಕಾರದ ವಶಕ್ಕೆ ಬಂದಂತೆ; ಗೇಣಿದಾರ ‘ನಮೂನೆ 7’ ಎಂಬ ಅರ್ಜಿ ಹಾಕಿ, ತಾಲ್ಲೂಕು ಭೂನ್ಯಾಯಮಂಡಳಿಯ ಮುಂದೆ ತನ್ನ ಗೇಣಿಯನ್ನು ರುಜುವಾತುಪಡಿಸಿ, ಅಧಿಭೋಗದ ಹಕ್ಕನ್ನು, ಅಂದರೆ ನೇರವಾಗಿ ಸರ್ಕಾರಕ್ಕೆ ಕಂದಾಯ ಕೊಟ್ಟು ಅನುಭವಿಸುವ ಹಕ್ಕನ್ನು ಪಡೆಯಬೇಕು. ದೇವಸ್ಥಾನಗಳಿಗೆ ಕಳೆದುಕೊಂಡ ಭೂಮಿಗೆ ಬದಲಾಗಿ ವರ್ಷವರ್ಷ ಸರ್ಕಾರದಿಂದ ತಸ್ತೀಕು ಎಂಬ ನಿಗದಿತ ಹಣ. ಮಂಡಳಿಗೆ ಉಪವಿಭಾಗಾಧಿಕಾರಿ ಅಧ್ಯಕ್ಷ. ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಿರಬೇಕು. ವಕೀಲರಿಗೆ ಪ್ರವೇಶವಿರಲಿಲ್ಲ.

ಈ ಮಂಡಳಿಯ ಕಲಾಪದಲ್ಲಿ ಗಣರಾಜ್ಯ ತನ್ನ ಕೆಲಸವನ್ನು ಹೇಗೆ ಕಲಿಯಿತು ಎಂಬುದು ಹತ್ತಿರದಿಂದ ಕಾಣುತ್ತದೆ. ಕೋರಿನ ಬೇಸಾಯಕ್ಕೆ ಕರಾರುಪತ್ರ ಇರುವುದಿಲ್ಲ, ರಸೀದಿ ಇರುವುದಿಲ್ಲ. ಕಣದಲ್ಲಿ ರಾಶಿ ಅಳೆದು ಪಾಲು ಹಾಕಿಕೊಂಡರೆ ಲೆಕ್ಕ ಮುಗಿಯಿತು. ಆದ್ದರಿಂದ ಪಹಣಿಯಲ್ಲಿ ಒಡೆಯನ ಹೆಸರಿನ ಮುಂದೆ ‘ಸ್ವಂತ’ ಎಂದಿದ್ದರೆ, ಅರ್ಜಿದಾರ ಕೂಲಿಯವನೆಂದು ಒಡೆಯ ವಾದಿಸಬಹುದಿತ್ತು. ಸಂಬಳಕ್ಕೆ ದುಡಿಯುವವನು ಕಾನೂನಿನ ದೃಷ್ಟಿಯಲ್ಲಿ ಗೇಣಿದಾರನಲ್ಲ. ಹೀಗಾಗಿ ಮಂಡಳಿ ಕಾಗದ ಬಿಟ್ಟು ಊರಿನವರ ಮಾತಿಗೆ ಬರಬೇಕಾಯಿತು: ಎತ್ತು ಯಾರದು, ಬೀಜ ಯಾರು ತಂದರು, ಪಕ್ಕದ ಹೊಲದವನು ಬದುವಿನ ಜಗಳ ಆಡಿದ್ದು ಯಾರ ಜೊತೆ, ರಾಶಿಯ ದಿನ ಕಣದಲ್ಲಿ ಯಾರಿದ್ದರು. ಶತಮಾನಗಳಿಂದ ಲೆಕ್ಕದ ಪುಸ್ತಕಕ್ಕೆ ಬಾರದ ಸಂಗತಿಗಳು ಮೊದಲ ಬಾರಿಗೆ ಸರ್ಕಾರಿ ಕಡತದಲ್ಲಿ ಸಾಕ್ಷ್ಯವಾದವು. ಒಡೆಯನೆದುರು ಹೀಗೆ ಸಾಕ್ಷಿ ಹೇಳಿದ ನೆರೆಯವನು ಮರುದಿನ ಅದೇ ಊರಿನಲ್ಲಿ ಬಾಳಬೇಕಾದ್ದರಿಂದ, ಗಟ್ಟಿ ಸಂಘಟನೆ ಇದ್ದ ಕರಾವಳಿ, ಮಲೆನಾಡುಗಳಲ್ಲಿ ಅರ್ಜಿಗಳ ಮಹಾಪೂರ ಬಂದಷ್ಟು ಬಯಲುಸೀಮೆಯಲ್ಲಿ ಬರಲಿಲ್ಲ. ಮಂಡಳಿಯ ತೀರ್ಪಿನ ಮೇಲೆ ಮೊದಲು ಮೇಲ್ಮನವಿಗೂ ದಾರಿ ಇರಲಿಲ್ಲ, ಹೈಕೋರ್ಟಿನ ರಿಟ್ ಒಂದೇ ಗತಿ. 1986ರಲ್ಲಿ ಮೇಲ್ಮನವಿ ಪ್ರಾಧಿಕಾರ ಬಂತು, 1990ರಲ್ಲಿ ಹೋಯಿತು. ವಕೀಲರ ಮೇಲಿನ ನಿಷೇಧವನ್ನು 1987ರಲ್ಲಿ ಸುಪ್ರೀಂ ಕೋರ್ಟು ತೆಗೆದುಹಾಕಿತು. ಬಡ ಅರ್ಜಿದಾರನಿಗೆ ವಕೀಲರಿಲ್ಲದ ಮಂಡಳಿ ಅನುಕೂಲವಾಗಿತ್ತೋ ಇದ್ದ ಮಂಡಳಿಯೋ ಎಂಬುದು, ಎದುರು ಪಕ್ಷದವನಿಗೆ ಎಷ್ಟು ವಕೀಲರನ್ನಿಡುವ ಶಕ್ತಿ ಇತ್ತು ಎಂಬುದರ ಮೇಲೆ ನಿಂತ ಪ್ರಶ್ನೆ.

ಇನಾಂ ಹೊಲಗಳ ತೊಡಕು ಈ ತಿದ್ದುಪಡಿಯಿಂದಲೂ ಪೂರ್ತಿ ಬಿಡಿಸಲಾಗದ್ದು. ಅಲ್ಲಿ ಒಡೆಯನ ಹಕ್ಕಿನ ಸ್ವರೂಪವೇ ಸಂದಿಗ್ಧವಾಗಿದ್ದರಿಂದ, ಮೊದಲು ಇನಾಮನ್ನು ರದ್ದುಮಾಡಿ ಆಮೇಲೆ ಉಳುವವನನ್ನು ಗುರುತಿಸುವ ಪ್ರತ್ಯೇಕ ಕಾನೂನು ಬೇಕಾಯಿತು. ಸಂಡೂರು ಪ್ರದೇಶದ ಇನಾಂ ರದ್ದತಿ ಕಾಯ್ದೆ 1976ರಲ್ಲಿ ಬಂತು. ಜಿಲ್ಲೆಯ ಉಳಿದ ಭಾಗವನ್ನೂ ಒಳಗೊಂಡಂತೆ ಅಲ್ಲಿಯವರೆಗೆ ಯಾವ ಕಾಯ್ದೆಯ ವ್ಯಾಪ್ತಿಗೂ ಬಾರದೆ ಉಳಿದ ಇನಾಂಗಳಿಗಾಗಿ 1977ರಲ್ಲಿ ಇನ್ನೊಂದು ಬಂತು. ಹಳೆಯ ಸಂಸ್ಥಾನವೊಂದರ ಹೆಸರನ್ನೇ ತಲೆಬರಹದಲ್ಲಿ ಹೊತ್ತ ಕಾಯ್ದೆ 1976ರದು ಎಂಬುದೇ, ವಿಲೀನವಾಗಿ 27 ವರ್ಷವಾದರೂ ಭೂಮಿಯ ಮಟ್ಟಿಗೆ ಸಂಸ್ಥಾನ ಉಳಿದಿತ್ತೆಂಬುದಕ್ಕೆ ಸಾಕ್ಷಿ.

ಮರ್ಯಾದೆ ಮೊದಲು, ಸ್ವತ್ತು ಆಮೇಲೆ ಎಂಬ ಈ ಕ್ರಮ ಒಂದು ವಿಚಾರದಲ್ಲಿ ಮಾತ್ರ ತಲೆಕೆಳಗಾಗಿ ನಡೆಯಿತು, ಅದು ದೇವದಾಸಿಯರ ವಿಚಾರ. ಹೊಸಪೇಟೆ ಸೇರಿದ್ದ ಮದ್ರಾಸು ಪ್ರಾಂತದಲ್ಲಿ ದೇವದಾಸಿಯರ ಇನಾಂ ಹೊಲಗಳನ್ನು ಗುಡಿಯ ಸೇವೆಯ ಹಂಗಿನಿಂದ ಬಿಡಿಸಿದ್ದು 1929ರಲ್ಲಿ, ದೇವರಿಗೆ ಬಿಡುವ ಪದ್ಧತಿಯನ್ನೇ ನಿಷೇಧಿಸಿದ್ದು 1947ರಲ್ಲಿ. ಈ ಸೀಮೆಯ ಬಸವಿಯರಲ್ಲಿ, ಅಂದರೆ ಇಲ್ಲಿ ದೇವರಿಗೆ ಬಿಟ್ಟ ಹೆಣ್ಣುಮಕ್ಕಳಲ್ಲಿ, ಬಹುಪಾಲಿನವರಿಗೆ ಮಾತ್ರ ಬಿಡಿಸಿಕೊಡಲು ಹೊಲವೇ ಇರಲಿಲ್ಲ. ಗಂಡುಮಕ್ಕಳಿಲ್ಲದ ಮನೆಯವರು ಮಗಳನ್ನು ಬಸವಿ ಬಿಟ್ಟು ಅವಳನ್ನೇ ಮಗನ ಸ್ಥಾನದಲ್ಲಿಟ್ಟು ಮನೆತನ ನಡೆಸುತ್ತಿದ್ದ ರೂಢಿಯ ಹಿಂದೆ ವಾರಸಿನ ಪ್ರಶ್ನೆಯೂ ಇತ್ತು. ಹೆಣ್ಣಿಗೆ ಹೆಣ್ಣಾಗಿಯೇ ವಾರಸು ಸಿಗುವಂತಾಗದ ಹೊರತು ನಿಷೇಧವೊಂದೇ ಕೆಲಸ ಮಾಡಲಾರದೆಂಬುದಕ್ಕೆ, 1982ರಲ್ಲಿ ಕರ್ನಾಟಕ ಮತ್ತೊಮ್ಮೆ ನಿಷೇಧದ ಕಾಯ್ದೆ ಮಾಡಬೇಕಾಗಿ ಬಂದದ್ದೇ ಪುರಾವೆ.

ಇನಾಂ ರದ್ದಾದ ಮೇಲೂ ಸಂಡೂರಿನ ಒಕ್ಕಲಿಗೆ ಹಕ್ಕು ಸಿಕ್ಕಿದ್ದು ನೆಲದ ಮೇಲ್ಮೈಗೆ ಮಾತ್ರ. 1964ರ ಭೂಕಂದಾಯ ಕಾಯ್ದೆಯ 70ನೇ ಕಲಂ ಗಣಿ ಮತ್ತು ಖನಿಜಗಳ ಹಕ್ಕನ್ನು ಸರ್ಕಾರಕ್ಕೇ ಮೀಸಲಿಟ್ಟಿತ್ತು. ಗುಡ್ಡಗಳ ಮ್ಯಾಂಗನೀಸು, ಕಬ್ಬಿಣದ ಅದಿರು ಇಪ್ಪತ್ತನೇ ಶತಮಾನದ ಆರಂಭದಿಂದಲೇ ಗುತ್ತಿಗೆಗಳ ಲೋಕಕ್ಕೆ ಸೇರಿಹೋಗಿತ್ತು, ಸಂಡೂರು ಮ್ಯಾಂಗನೀಸ್ ಕಂಪನಿ 1954ರಷ್ಟು ಹಿಂದಿನದು. ಹೊಸ ಶತಮಾನದ ಮೊದಲ ದಶಕದಲ್ಲಿ ಅದಿರಿನ ಬೆಲೆ ಮುಗಿಲು ಮುಟ್ಟಿದಾಗ ಹೊಸಪೇಟೆ, ಸಂಡೂರು ಸುತ್ತಿನ ಪಟ್ಟಾ ಜಮೀನುಗಳಲ್ಲೇ ಮೇಲ್ಮಣ್ಣು ಕೆದಕಿ ಅದಿರು ಆಯ್ದು ಮಾರುವ ಭರಾಟೆ ಎದ್ದಿತು, ಹೊಲಗಳು ಸ್ಟಾಕ್‌ಯಾರ್ಡುಗಳಾದವು. 2011ರಲ್ಲಿ ಲೋಕಾಯುಕ್ತರ ವರದಿ ಬಂದು, ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸುವ ಹೊತ್ತಿಗೆ, ಗುಡ್ಡದಡಿಯ ಅನೇಕ ಹೊಲಗಳ ಮೇಲೆ ಕೆಂಪು ಧೂಳು ದಪ್ಪವಾಗಿ ಕೂತಿತ್ತು. ಇದರ ನಡುವೆಯೇ, 2008ರಿಂದ ಸಂಡೂರು ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲಾಯಿತು. ಹದಿನೆಂಟನೇ ಶತಮಾನದಲ್ಲಿ ಘೋರ್ಪಡೆ ಮನೆತನದವರು ಸಂಡೂರನ್ನು ಗೆದ್ದುಕೊಂಡದ್ದು ಒಬ್ಬ ಬೇಡ ಪಾಳೆಯಗಾರನಿಂದ ಎಂಬುದನ್ನು ಬಲ್ಲವರಿಗೆ ಇದು ಚರಿತ್ರೆಯ ಒಂದು ಸುತ್ತಿನಂತೆ ಕಂಡೀತು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಗಿ ಹೊಸಪೇಟೆ, ಹಂಪಿಗಳು ಅತ್ತ ಹೋದವು, ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲೇ ಉಳಿದವು. 1953ರ ಗಡಿ ಇನಾಂ ಕಾಯ್ದೆಯನ್ನು ಇಪ್ಪತ್ತು ವರ್ಷ ತಡಮಾಡಿತ್ತು. ಈ ಗಡಿ ಜಿಲ್ಲೆಗಳಿಗೆ ಸಂದಾಯವಾಗುವ ಗಣಿ ನಿಧಿಯಲ್ಲಿ ಯಾವ ಊರಿಗೆ ಎಷ್ಟು ಪಾಲು ಎಂಬ ಹೊಸ ಲೆಕ್ಕವನ್ನು ತೆರೆದಿದೆ, ಆ ಲೆಕ್ಕದಲ್ಲೂ ಹೊಲದ ಒಡೆಯನ ಹೆಸರು ಇರುತ್ತದೆ, ಧೂಳು ಕುಡಿದು ಅದೇ ಹೊಲದಲ್ಲಿ ಕೂಲಿ ಮಾಡುವವರ ಹೆಸರಿಗೆ ಇನ್ನೂ ಒಂದು ಕಾಲಮ್ಮು ಗೊತ್ತಾಗಿಲ್ಲ.